ತಂತ್ರಜ್ಞಾನದ ಬೇಲಿ: ಯಾರಿಗೆ ಅಡ್ಡಿ, ಯಾರಿಗೆ ದಾರಿ?

ವಿನಾಶಕಾರಿ ತಂತ್ರಜ್ಞಾನವು ಅಪಾತ್ರರ ಕೈಸೇರಬಾರದೆಂಬ ತತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ತತ್ತ್ವದ ಕಾವಲುಗಾರರೆಂದು ಹೇಳಿಕೊಳ್ಳುವ ರಾಷ್ಟ್ರಗಳು ನಡೆದುಕೊಂಡ ಬಗೆಯೇನು? ಎರಡು ನಿದರ್ಶನಗಳು ಸಾಕು.

1991ರಲ್ಲಿ ಬೆಂಗಳೂರಿನ ಇಸ್ರೋ ಸಂಸ್ಥೆಯು ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್‌ನೊಡನೆ ಕ್ರಯೋಜೆನಿಕ್ ಎಂಜಿನ್ನಿಗೂ ಅದರ ತಂತ್ರಜ್ಞಾನಕ್ಕೂ ಬಹಿರಂಗವಾಗಿಯೇ ಒಪ್ಪಂದ ಮಾಡಿಕೊಂಡಿತು. ಅತಿಶೀತಲ ದ್ರವಗಳನ್ನು ತುಂಬಿ ಸಜ್ಜುಗೊಳಿಸಲು ಬಹಳ ಹೊತ್ತು ಹಿಡಿಯುವ ಈ ಎಂಜಿನ್ ಯುದ್ಧಕ್ಷಿಪಣಿಗೆ ಒಗ್ಗುವಂಥದಲ್ಲ. ಆದರೂ 1992ರ ಮೇ ತಿಂಗಳಲ್ಲಿ ಅಮೆರಿಕವು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯ ಹೆಸರಿನಲ್ಲಿ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷಗಳ ನಿರ್ಬಂಧ ಹೇರಿತು. ಒತ್ತಡಕ್ಕೆ ಮಣಿದ ರಷ್ಯಾ 1993ರಲ್ಲಿ ಎಂಜಿನ್ನುಗಳನ್ನಷ್ಟೇ ಕೊಡಲೊಪ್ಪಿ ತಂತ್ರಜ್ಞಾನವನ್ನು ತಡೆಹಿಡಿಯಿತು. ಸ್ವದೇಶಿ ಕ್ರಯೋಜೆನಿಕ್ ಹಂತದ ಮೊದಲ ಯಶಸ್ವಿ ಹಾರಾಟಕ್ಕೆ ನಾವು 2014ರ ಜನವರಿಯವರೆಗೆ ಕಾಯಬೇಕಾಯಿತು.

ಇನ್ನೊಂದು ನಿದರ್ಶನ ಪಾಕಿಸ್ತಾನದ ಅಬ್ದುಲ್ ಕದೀರ್ ಖಾನರದು. 1975ರ ಕೊನೆಯಲ್ಲಿ ಅವರು ಹಾಲೆಂಡಿನಿಂದ ಯುರೇನಿಯಂ ಪುಷ್ಟೀಕರಣದ ಸೆಂಟ್ರಿಫ್ಯೂಜ್ ವಿನ್ಯಾಸಗಳೊಡನೆ ಸ್ವದೇಶಕ್ಕೆ ಮರಳಿದರು. ಬಿಡಿಭಾಗಗಳನ್ನು ಮಾರಲು ಯುರೋಪಿನ ವ್ಯಾಪಾರಿಗಳೇ ಮುಂದಾದರು. 1983ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ ವಿಧಿಸಿದ ಶಿಕ್ಷೆ ಸಮನ್ಸ್ ಜಾರಿಯ ಲೋಪದಿಂದ ಮೇಲ್ಮನವಿಯಲ್ಲಿ ರದ್ದಾಯಿತು. ಆಫ್ಘಾನಿಸ್ತಾನದ ಯುದ್ಧಕ್ಕೆ ಪಾಕಿಸ್ತಾನ ಬೇಕಾಗಿದ್ದಷ್ಟು ಕಾಲ, 1985ರ ಪ್ರೆಸ್ಲರ್ ತಿದ್ದುಪಡಿಯ ಬಳಿಕವೂ, ಅಲ್ಲಿ ಅಣುಬಾಂಬು ಇಲ್ಲವೆಂದು ಅಮೆರಿಕದ ಅಧ್ಯಕ್ಷರು 1989ರವರೆಗೆ ಪ್ರಮಾಣೀಕರಿಸುತ್ತ ಬಂದರು. 2003ರ ಅಕ್ಟೋಬರಿನಲ್ಲಿ ಲಿಬಿಯಾಕ್ಕೆ ಹೊರಟಿದ್ದ 'ಬಿಬಿಸಿ ಚೈನಾ' ಹಡಗಿನಲ್ಲಿ ಸೆಂಟ್ರಿಫ್ಯೂಜ್ ಭಾಗಗಳು ಸಿಕ್ಕಿಬಿದ್ದವು. 2004ರ ಫೆಬ್ರವರಿಯಲ್ಲಿ ಖಾನ್ ಟೆಲಿವಿಷನ್ನಿನಲ್ಲಿ ತಪ್ಪೊಪ್ಪಿಕೊಂಡರು; ಮರುದಿನವೇ ಮುಷರಫ್ ಕ್ಷಮಾದಾನವಿತ್ತರು. ಹಾಡಹಗಲು ಸಹಿ ಹಾಕಿದವನಿಗೆ ದಂಡನೆ, ಕಳ್ಳದಾರಿ ಹಿಡಿದವನಿಗೆ ಕ್ಷಮೆ, ಇದನ್ನು ನ್ಯಾಯವೆನ್ನಬೇಕೆ?

2016ರಿಂದ ಭಾರತವೂ ಆ ಕ್ಷಿಪಣಿ ನಿಯಂತ್ರಣ ಕೂಟದ ಸದಸ್ಯರಾಷ್ಟ್ರ. ನಮ್ಮಲ್ಲಿಯೂ 'ಸ್ಕೋಮೆಟ್' ಪಟ್ಟಿಯಿದೆ. ಸಮೂಹನಾಶಕ ಅಸ್ತ್ರಗಳ ಕುರಿತ 2005ರ ಕಾಯಿದೆಯಿದೆ. ಪುಣೆ, ಚೆನ್ನೈ, ಹೈದರಾಬಾದುಗಳ ಕಾರ್ಖಾನೆಗಳಲ್ಲಿರುವ ಹೊರನಾಡ ಕನ್ನಡಿಗರು ಗಮನಿಸಬೇಕು: ಪಟ್ಟಿಯಲ್ಲಿರುವ ಯಂತ್ರಕ್ಕೆ ಮಾತ್ರವಲ್ಲ, ಅದರ ತಂತ್ರಜ್ಞಾನವನ್ನೂ ತಂತ್ರಾಂಶವನ್ನೂ ವಿದೇಶಕ್ಕೆ ಕಳುಹಿಸುವುದಕ್ಕೂ ಪರವಾನಗಿ ಬೇಕು. ಬೇಲಿ ಬೇಡವೆಂದು ಸರ್ಕಾರಿ ಸೇವಕನಾದ ನಾನು ಹೇಳಲಾರೆ. ಆದರೆ ಸರಕು ಕೊನೆಗೆ ಯಾರ ಕೈಸೇರುವುದು, ಯಾವುದಕ್ಕೆ ಬಳಕೆಯಾಗುವುದು ಎಂಬುದೇ ಪರವಾನಗಿಗೆ ಒರೆಗಲ್ಲಾಗಲಿ. ಕೊಳ್ಳುವವನು ಮಿತ್ರನೋ ಅಲ್ಲವೋ ಎಂಬುದಲ್ಲ. ನಾವುಂಡ ಅನ್ಯಾಯವನ್ನು ಇನ್ನೊಂದು ಬಡರಾಷ್ಟ್ರದ ಪ್ರಯೋಗಶಾಲೆಗೆ ನಾವೇ ಬಡಿಸುವಂತಾದರೆ, ಇಸ್ರೋದ ಇಪ್ಪತ್ತು ವರ್ಷಗಳ ಶ್ರಮದಿಂದ ನಾವು ಕಲಿತದ್ದೇನು?