ಒಂದು ಕೋಟೆಯ ಹಲವು ಬಾಳು

ಕೋಟೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೊರಗಿನ ಶತ್ರು. ಒಳಗಿನವರ ರಕ್ಷಣೆಗಾಗಿಯೇ ಗೋಡೆಗಳೆದ್ದವೆಂದು ನಾವು ಭಾವಿಸುತ್ತೇವೆ. ಪೋರ್ಚುಗಲ್ ದೇಶದ ಕಡಲ ತಡಿಯಲ್ಲಿರುವ ಪೆನೀಷ್ ದುರ್ಗದ ಕಥೆಯನ್ನು ಕೇಳಿದವರು ಈ ಭಾವನೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ.

ಲಿಸ್ಬನ್ ನಗರದ ಉತ್ತರಕ್ಕೆ, ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿದ ಭೂಶಿರವೊಂದರ ಮೇಲೆ 1557ರಲ್ಲಿ ಇದರ ನಿರ್ಮಾಣ ಆರಂಭವಾಯಿತು. ಯುರೋಪಿನಲ್ಲಿ ಅದು ಪುನರುಜ್ಜೀವನದ ಕಾಲ. ಫಿರಂಗಿಯ ಗುಂಡಿನ ಮುಂದೆ ಎತ್ತರದ ತೆಳುಗೋಡೆಗಳು ನಿಲ್ಲಲಾರವೆಂಬುದನ್ನು ಅರಿತ ಶಿಲ್ಪಿಗಳು ತಗ್ಗಾದ, ದಪ್ಪನಾದ ಗೋಡೆಗಳನ್ನೂ, ನಕ್ಷತ್ರದ ಮೊನೆಗಳಂತೆ ಮುಂಚಾಚಿದ ಕೊತ್ತಲಗಳನ್ನೂ ಕಟ್ಟತೊಡಗಿದ್ದರು. ಒಂದು ಕೊತ್ತಲದ ಬುಡವನ್ನು ಮತ್ತೊಂದರಿಂದ ಕಾಯಬಹುದಾದ ಜಾಣತನದ ರಚನೆ ಅದು. ಸ್ಪೇನಿನ ಆಳ್ವಿಕೆಯಿಂದ ಪೋರ್ಚುಗಲ್ 1640ರಲ್ಲಿ ಬಿಡಿಸಿಕೊಂಡ ಮೇಲೆ, 1645ರಲ್ಲಿ ಕೋಟೆ ಪೂರ್ಣಗೊಂಡಿತು.

ಕಾಲಕ್ರಮದಲ್ಲಿ ಕಡಲ ಶತ್ರುವಿನ ಭಯ ತಗ್ಗಿತು, ಗೋಡೆಗಳು ಉಳಿದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಆಫ್ರಿಕದ ಯುದ್ಧದಿಂದ ನಿರಾಶ್ರಿತರಾದ ಬೋಯರರಿಗೆ ಅಲ್ಲಿ ಆಶ್ರಯ ದೊರೆಯಿತು. 1934ರಲ್ಲಿ ಸಲಜಾರ್ ಸರಕಾರ ಅದನ್ನು ರಾಜಕೀಯ ಬಂದಿಗಳ ಸೆರೆಮನೆಯನ್ನಾಗಿ ಮಾಡಿತು. ದೇಶವನ್ನು ಕಾಯಲೆಂದು ಕಟ್ಟಿದ ಗೋಡೆ ದೇಶದವರನ್ನೇ ಬಂಧಿಸಿತು!

ಈ ಸೆರೆಯ ಬಿಸಿ ನಮ್ಮ ನೆರೆಯ ಗೋವೆಗೂ ತಟ್ಟಿತು. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಅವರು ಮಡಗಾಂವಿನಲ್ಲಿ ಪೌರಹಕ್ಕುಗಳ ಚಳವಳಿಗೆ ಕಿಡಿ ಹೊತ್ತಿಸಿದರಷ್ಟೆ. ಅದೇ ವರ್ಷ ಗೋವೆಯ ನಾಯಕ ಟಿ. ಬಿ. ಕುನ್ಹಾ ಅವರನ್ನು ಸೈನಿಕ ನ್ಯಾಯಾಲಯ ಶಿಕ್ಷೆಗೆ ಗುರಿಪಡಿಸಿತು. ಸಾವಿರಾರು ಮೈಲಿ ದೂರದ ಪೆನೀಷ್ ಕೋಟೆ ಅವರ ಸೆರೆಯಾಯಿತು.

1960ರ ಜನವರಿ 3ರಂದು ಕಮ್ಯೂನಿಸ್ಟ್ ನಾಯಕ ಆಲ್ವಾರೊ ಕುನ್ಯಾಲ್ ಮತ್ತು ಅವರ ಒಂಬತ್ತು ಮಂದಿ ಸಂಗಡಿಗರು ಹಾಸಿಗೆಯ ಬಟ್ಟೆಗಳನ್ನು ಗಂಟುಹಾಕಿದ ಹಗ್ಗ ಹಿಡಿದು ಗೋಡೆಯಿಳಿದು ಪಾರಾದರು. ಅವರಿಗೆ ನೆರವಾದವನು ಕಾವಲುಗಾರರಲ್ಲೊಬ್ಬ! ಉಳಿದವರು 1974ರ ಏಪ್ರಿಲ್ 25ರ ಕ್ರಾಂತಿಯವರೆಗೆ ಕಾಯಬೇಕಾಯಿತು. ಎರಡು ದಿನಗಳ ತರುವಾಯ ಬಾಗಿಲು ತೆರೆಯಿತು. ಆಫ್ರಿಕದ ವಸಾಹತುಗಳು ಸ್ವತಂತ್ರವಾದಾಗ ಮನೆಮಠ ತೊರೆದು ಬಂದ ಕುಟುಂಬಗಳು ಕೆಲವು ವರ್ಷ ಅಲ್ಲಿಯೇ ತಂಗಿದವು. ಸಾಮ್ರಾಜ್ಯದ ವಿರೋಧಿಗಳನ್ನು ಕೂಡಿಹಾಕಿದ್ದ ಎಡೆಯಲ್ಲಿ ಸಾಮ್ರಾಜ್ಯ ಮುರಿದು ನೆಲೆ ಕಳೆದುಕೊಂಡವರ ಒಲೆ ಉರಿಯಿತು.

2016ರಲ್ಲಿ ಪ್ರವಾಸೋದ್ಯಮಕ್ಕಾಗಿ ಖಾಸಗಿಯವರಿಗೆ ವಹಿಸಬೇಕಾದ ಕಟ್ಟಡಗಳ ಪಟ್ಟಿಯಲ್ಲಿ ಈ ಕೋಟೆಯ ಹೆಸರೂ ಸೇರಿತು. ಹಿಂದಿನ ಬಂದಿಗಳು ಸುಮ್ಮನಿರಲಿಲ್ಲ. ತಾವು ನರಳಿದ ಕೋಣೆಗಳು ವಿಲಾಸಿಗಳ ಬಿಡಾರವಾಗುವುದನ್ನು ಅವರು ಹೇಗೆ ಸಹಿಸಿಯಾರು? ಸರಕಾರ ಮನಸ್ಸು ಬದಲಿಸಿತು. ಬಂದಿಗಳು ಬಿಡುಗಡೆಯಾಗಿ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, 2024ರ ಏಪ್ರಿಲ್ 27ರಂದು, ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅಲ್ಲಿ ಆರಂಭವಾಯಿತು.

ರಜೆಯ ದಿನಗಳಲ್ಲಿ ಮಕ್ಕಳೊಡನೆ ಕೋಟೆ ನೋಡಹೋಗುವ ನಾವು, ‘ಇದನ್ನು ಕಟ್ಟಿಸಿದವರಾರು?’ ಎಂದು ಕೇಳುವುದುಂಟು. ‘ಇದರೊಳಗೆ ಇದ್ದವರಾರು?’ ಎಂಬ ಮತ್ತೊಂದು ಪ್ರಶ್ನೆಯನ್ನೂ ಮಕ್ಕಳಿಗೆ ಕಲಿಸಿದರೆ ಚೆನ್ನಲ್ಲವೆ?