ಗಂಗೂಬಾಯಿಯವರ ಕಂಠ

ಪಾಶ್ಚಾತ್ಯರಲ್ಲಿ ಒಪೆರಾ ಎಂಬ ಗೇಯನಾಟಕವುಂಟು. ಅದರಲ್ಲಿ ಪಾತ್ರಗಳನ್ನು ಹಂಚುವುದು ಮುಖ್ಯವಾಗಿ ಕಂಠವನ್ನು ನೋಡಿ. ಸ್ತ್ರೀಯರ ಅತ್ಯುಚ್ಚ ಕಂಠಕ್ಕೆ ಸೊಪ್ರಾನೊ ಎಂದು ಹೆಸರು; ನಾಯಿಕೆಯ ಪಾತ್ರವು ಬಹುಮಟ್ಟಿಗೆ ಅದರ ಪಾಲು. ನಮ್ಮಲ್ಲಿಯೂ ಹೆಂಗಸಿನ ಹಾಡೆಂದರೆ ಕೋಗಿಲೆಯ ಇಂಚರದಂತಿರಬೇಕೆಂಬ ನಿರೀಕ್ಷೆಯುಂಟು. (ಇಂಪಾಗಿ ಕೂಗುವುದು ಗಂಡು ಕೋಗಿಲೆಯೆಂಬುದನ್ನು ನಮ್ಮ ಕವಿಗಳು ಗಣಿಸಲಿಲ್ಲ.) ಅಂತಹ ಎತ್ತರದ ಕಂಠವನ್ನು ಪಡೆದು, ಅದನ್ನು ಕಳೆದುಕೊಂಡ ಬಳಿಕವೇ ಮಹಾಗಾಯಿಕೆಯೆನಿಸಿದವರು ಗಂಗೂಬಾಯಿ ಹಾನಗಲ್ಲರು.

ಅವರು ಜನಿಸಿದುದು 1913ನೆಯ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಅಬ್ದುಲ್ ಕರೀಮ್ ಖಾನರಂತಹ ಉಸ್ತಾದರೂ ಅವರ ಹಾಡನ್ನು ಕೇಳಲು ಮನೆಗೆ ಬರುತ್ತಿದ್ದರು. ಮಗಳಿಗೆ ಹಿಂದೂಸ್ತಾನಿ ಪದ್ಧತಿಯು ಒಲಿಯತೊಡಗಿದಾಗ, ತಮ್ಮ ಹಾಡು ಅವಳ ಅಭ್ಯಾಸವನ್ನು ಕದಡೀತೆಂದು ಆ ತಾಯಿ ತಮ್ಮ ಸಂಗೀತವನ್ನೇ ಬಿಟ್ಟರು. ಮಗಳಿಗಾಗಿ ಮೈಮೇಲಿನ ಒಡವೆಯನ್ನು ಬಿಚ್ಚಿಕೊಟ್ಟ ತಾಯಂದಿರನ್ನು ನಾವೆಲ್ಲರೂ ಬಲ್ಲೆವು. ಕಂಠವನ್ನೇ ಬಿಟ್ಟುಕೊಟ್ಟವರು ವಿರಳ.

1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಈ ಬಾಲಿಕೆ ಗಾಂಧೀಜಿಯವರ ಇದಿರಿನಲ್ಲಿ ಸ್ವಾಗತಗೀತೆಯನ್ನು ಹಾಡಿದಳು. ಆಗ ಆಕೆಯನ್ನು ಬಾಧಿಸಿದ ಚಿಂತೆ ಶ್ರುತಿಯದಲ್ಲ, ತಾಳದ್ದಲ್ಲ. ಕೆಳಜಾತಿಯವಳೆಂದು ಊಟದ ಬಳಿಕ ಎಂಜಲೆಲೆಗಳನ್ನು ತೆಗೆಯಹೇಳಿಯಾರೆಂಬುದು! ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಹಂಗಿಸುವವರೂ ಇದ್ದರು.

ಮುಂದೆ ದೊರೆತ ಗುರುಗಳು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತಲೂ ಕಾಲುಪಾಲು ಮಿಗಿಲೆಂದು ಭಾವ. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಹಾಡಿ ಅವರು ಖ್ಯಾತರಾಗಿದ್ದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಜಿಪುಣನು ಹಣವನ್ನು ಬಳಸುವಂತೆ ಸ್ವರಗಳನ್ನು ಎಣಿಸಿ ವ್ಯಯಮಾಡಬೇಕೆಂಬುದು ಗುರುಗಳ ಬೋಧೆ.

‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಮೊದಲಿನ ಗ್ರಾಮಫೋನ್ ತಟ್ಟೆಗಳಲ್ಲಿ ಕಂಠವು ತೆಳುವಾಗಿ, ಎತ್ತರವಾಗಿ ಕೇಳಿಸುವುದು. ಅನಂತರ ಗಂಟಲಿನ ಬೇನೆಗಾಗಿ ಶಸ್ತ್ರಚಿಕಿತ್ಸೆಯಾಯಿತು. ಕಂಠವು ಇಳಿದು, ಗಂಡಸಿನದೋ ಎಂಬಷ್ಟು ಗಡುಸಾಯಿತು. ಮಂದ್ರಕ್ಕೆ ಹೃದಯವೂ ಮಧ್ಯಕ್ಕೆ ಕಂಠವೂ ತಾರಕ್ಕೆ ಶಿರಸ್ಸೂ ಸ್ಥಾನಗಳೆಂದು ನಮ್ಮ ಶಾಸ್ತ್ರಕಾರರು ಹೇಳುವರು. ಗಂಗೂಬಾಯಿಯವರು ಹೋದ ಸ್ವರವನ್ನು ನಟಿಸಲು ಹೋಗಲಿಲ್ಲ, ಉಳಿದುದನ್ನೇ ಸಾಧಿಸಿದರು. ಜಿಪುಣನ ಲೆಕ್ಕವು ಅವರಿಗೆ ಒದಗಿದುದು ಇಲ್ಲಿಯೇ ಎಂದು ನನ್ನ ಊಹೆ. ಅವರ ಆಲಾಪದಲ್ಲಿ ಒಂದೊಂದು ಸ್ವರವೂ ಕಲ್ಲುಕಂಬದಂತೆ ನಿಲ್ಲುವುದು. ಹೆಸರನ್ನು ಕೇಳದೆ ನಡುವೆ ರೇಡಿಯೋ ಹಚ್ಚಿದವರು ‘ಇವರಾರು ಪಂಡಿತರು?’ ಎಂದು ವಿಚಾರಿಸಿದರೆ ಆಶ್ಚರ್ಯವಿಲ್ಲ.

1971ರಲ್ಲಿ ಪದ್ಮಭೂಷಣವೂ 2002ರಲ್ಲಿ ಪದ್ಮವಿಭೂಷಣವೂ ಬಂದುವು. ದಶಕಗಳ ಕಾಲ ಅವರ ಹಿಂದೆ ಕುಳಿತು ದನಿಗೂಡಿಸಿದವರು ಮಗಳು ಕೃಷ್ಣಾ. ಆಕೆ 2004ರಲ್ಲಿ ತೀರಿಕೊಂಡರು. ತಾಯಿ ಆ ಬಳಿಕವೂ ಹಾಡಿದರು. 2009ನೆಯ ಜುಲೈ 21ರಂದು ಹುಬ್ಬಳ್ಳಿಯಲ್ಲಿ ದೇಹವನ್ನು ಬಿಟ್ಟಾಗ, ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನಮಾಡಲಾಯಿತು.