ಒಡೆಯದ ಪ್ಯಾಕೆಟ್ಟಿನ ಬೆಲೆ

1977ರ ಮೇ ತಿಂಗಳಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡು ಅಮೆರಿಕದ ಮಕ್ಕಳು ಅದರ ಪುಟ್ಟ ಗೊಂಬೆಗಳಿಗಾಗಿ ಹಟ ಹಿಡಿದರು. ತಯಾರಿಕೆಯ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಯ ಬಳಿ ಕ್ರಿಸ್‌ಮಸ್‌ಗೆ ಕೊಡಲು ಗೊಂಬೆಗಳೇ ಸಿದ್ಧವಿರಲಿಲ್ಲ. ಕಂಪನಿ ಬರೀ ರಟ್ಟಿನ ಪ್ಯಾಕೆಟ್ಟನ್ನು ಮಾರಿತು! ಒಳಗಿದ್ದ ಕೂಪನ್ನನ್ನು ಅಂಚೆಯಲ್ಲಿ ಕಳಿಸಿದವರಿಗೆ ಮರುವರ್ಷ ಲ್ಯೂಕ್, ಲೇಯಾ, ಚೂಬಾಕಾ, ಆರ್2-ಡಿ2 ಮನೆಗೆ ಬಂದವು. ಕೂಪನ್ ಹಾಗೇ ಉಳಿದ ಆ ಪ್ಯಾಕೆಟ್ಟನ್ನು ಸಂಗ್ರಾಹಕರು ಇಂದು ಹುಡುಕಿಕೊಂಡು ಹೋಗುತ್ತಾರೆ. ನಂತರ ಅಂಗಡಿಗೆ ಬಂದ ಗೊಂಬೆಗಳು ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯೊಳಗೆ ಕೂತಿದ್ದವು. ಆಡಬೇಕೆಂದರೆ ಗುಳ್ಳೆ ಕೀಳಲೇಬೇಕು, ರಟ್ಟು ಕಸದ ಬುಟ್ಟಿಗೆ. ಹೀಗೆ ಮಕ್ಕಳು ಆಡಿದಷ್ಟೂ ಒಡೆಯದ ಪ್ಯಾಕೆಟ್ ಅಪರೂಪವಾಯಿತು. ಯಾವ ಮಗುವೂ ಮುಟ್ಟದ ಆಟಿಕೆಗೇ ಅತಿ ಹೆಚ್ಚು ಬೆಲೆ ಎಂಬುದು ಮನಸ್ಸಿಗೆ ಕಸಿವಿಸಿ ತರುವ ಸಂಗತಿಯೇ ಸರಿ, ಆದರೆ ಅದರ ಹಿಂದೆ ಗಟ್ಟಿ ಕಾರಣವೂ ಇದೆ. ಜಾವಾ ಎಂಬ ಗೊಂಬೆಯನ್ನೇ ನೋಡಿ. ಅದು ಮೊದಲು ವಿನೈಲ್ ಮೇಲಂಗಿ ತೊಟ್ಟು ಬಂತು; ಸ್ವಲ್ಪ ಕಾಲದಲ್ಲೇ ಕಂಪನಿ ಬಟ್ಟೆಯ ಮೇಲಂಗಿ ಹಾಕಿತು. ವಿನೈಲ್ ಜಾವಾಕ್ಕೆ ಬೆಲೆ ಏರಿದಂತೆ ನಕಲಿ ಮೇಲಂಗಿ ಕತ್ತರಿಸಿ ತೊಡಿಸುವವರು ಹುಟ್ಟಿಕೊಂಡರು. ಬಿಡಿ ಗೊಂಬೆಯ ಅಸಲಿತನ ಪತ್ತೆಹಚ್ಚುವುದು ಪರಿಣತರಿಗೂ ಕಷ್ಟ. ಒಡೆಯದ ಗುಳ್ಳೆಯಲ್ಲಿದ್ದರೆ ರಟ್ಟೇ ಸಾಕ್ಷಿ ಹೇಳುತ್ತದೆ. ಗುಳ್ಳೆಯನ್ನೇ ಮತ್ತೆ ಅಂಟಿಸುವ ಚಾಲಾಕಿಗಳೂ ಇರುವುದರಿಂದ ಅಂಟಿನ ಅಂಚನ್ನೂ ಪರೀಕ್ಷಿಸದೆ ಯಾರೂ ಹಣ ಬಿಚ್ಚುವುದಿಲ್ಲ. ಈ ಲೆಕ್ಕಾಚಾರ ಆಟಿಕೆಗಷ್ಟೇ ಸೀಮಿತವಲ್ಲ: 2007ರಲ್ಲಿ 499 ಡಾಲರ್ ಬೆಲೆಯಿದ್ದ, ಕೆಲವೇ ತಿಂಗಳಲ್ಲಿ ಮಾರಾಟ ನಿಂತ 4 ಜಿಬಿಯ ಮೊದಲ ಐಫೋನ್ ಒಂದು, ಸೀಲು ಒಡೆಯದೆ ಉಳಿದಿದ್ದಕ್ಕೆ 2023ರ ಹರಾಜಿನಲ್ಲಿ 1.90 ಲಕ್ಷ ಡಾಲರಿಗೆ ಹೋಯಿತು.